ಕೂಸು ಅಳಲಿಲ್ಲ ಅಂದಿದ್ದೆ

ದೇವದುರ್ಗ
23 ನವೆಂಬರ್ 2025

ಪ್ರೀತಿಯ ಅಂಬಕ್ಕನಿಗೆ,

ತಂಗಿ ಬೂದೆಮ್ಮನ ನಮಸ್ಕಾರ. ಮಾನ್ವಿಯಲ್ಲಿ ಭತ್ತದ ಕೊಯ್ಲು ಮುಗಿಯಿತೇ? ಮಾಮನ ಮೊಣಕಾಲು ಹೇಗಿದೆ? ದೀಪಾವಳಿಗೆ ನೀನು ಬಸ್ಸಿಗೆ ಹಾಕಿ ಕಳಿಸಿದ ಅಕ್ಕಿ ಚೀಲ ಬಂದು ತಿಂಗಳಾಯಿತು. ಮುಟ್ಟಿತೆಂದು ಒಂದು ಸಾಲೂ ಬರೆಯಲಿಲ್ಲ. ಬೈಯಬೇಡ. ಫೋನು ಮಾಡಬಹುದಿತ್ತು, ಆದರೆ ನಿನಗೆ ಕೇಳಿಸುವ ಹಾಗೆ ಮಾತಾಡಿದರೆ ನಮ್ಮ ಓಣಿಯವರೆಲ್ಲ ಬಾಗಿಲಿಗೆ ಬರುತ್ತಾರೆ. ಇದು ಕೂಗಿ ಹೇಳುವ ಸಂಗತಿಯಲ್ಲ. ಮೊಮ್ಮಗಳ ಕೈಯಲ್ಲಿ ಓದಿಸಬೇಡ, ಕನ್ನಡಕ ಹಾಕಿಕೊಂಡು ನೀನೇ ಓದು.

ಕೂಸು ಚೆನ್ನಾಗಿದೆ. ಅದನ್ನು ಮೊದಲೇ ಹೇಳಿಬಿಟ್ಟೆ.

ಮುಂದೆ ಬರೆಯುವ ಕಥೆ ನನ್ನದಲ್ಲ. ಹೋದ ಮಂಗಳವಾರ ದೀಪ ಹಚ್ಚುವ ಹೊತ್ತಿನಲ್ಲಿ, ರಾಯಚೂರಿನ ಆಸ್ಪತ್ರೆಯ ಪಡಸಾಲೆಯಲ್ಲಿ, ಸುಗ್ರಾ ಬೇಗಂ ಎಂಬ ಹಿರಿಯ ನರ್ಸು ನಮ್ಮಂಥ ನಾಲ್ಕೈದು ಹೆಂಗಸರಿಗೆ ಹೇಳಿದ್ದು. ಅದನ್ನು ಬರೆಯುವ ಮೊದಲು, ನಾವು ಅಲ್ಲಿಗೆ ಹೋಗಿದ್ದು ಏಕೆಂದು ನಿನಗೆ ತಿಳಿಯಬೇಕು.

ನಮ್ಮ ಕನಕರಾಜನ ಕೂಸು ಹುಟ್ಟಿ ತಿಂಗಳಾಗುತ್ತಲೇ ಕುಡಿದ ಹಾಲನ್ನೆಲ್ಲ ವಾಂತಿ ಮಾಡತೊಡಗಿತು. ಸುಮ್ಮನೆ ಕಕ್ಕುವುದಲ್ಲ, ಪಿಚಕಾರಿಯ ಹಾಗೆ ದೂರಕ್ಕೆ ಸಿಡಿಯುತ್ತಿತ್ತು. ಮರುಗಳಿಗೆಯೇ ಹಸಿವೆಂದು ಮತ್ತೆ ಬಾಯಿ ತೆರೆಯುತ್ತಿತ್ತು. ಸೊಸೆ ಭಾಗ್ಯಜ್ಯೋತಿ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಲಿಲ್ಲ. ಅದು ನಾನು ಮೊದಲೇ ಕಂಡಿದ್ದ ವಾಂತಿ, ಅಕ್ಕಾ. ನೀನೂ ಕಂಡಿದ್ದೀ.

ರಾಯಚೂರಿನಲ್ಲಿ ಹೊಟ್ಟೆ ಮುಟ್ಟಿ ನೋಡಿದ ಡಾಕ್ಟರು, "ಜಠರದ ಕೆಳಗಿನ ಬಾಯಿ ದಪ್ಪಾಗಿ ಮುಚ್ಚಿಕೊಂಡದ. ಕೊಯ್ದು ಬಿಡಿಸಬೇಕು. ಮನಿಯಾಗ ಯಾರಿಗರೆ ಆಗಿತ್ತೇನ್ರಿ?" ಎಂದು ಕೇಳಿದರು. ಕನಕರಾಜ ಅಂಗಿ ಎತ್ತಿ ತೋರಿಸಿದ. ಅವನು ಕೂಸಾಗಿದ್ದಾಗ ಅಂಗೈಯಗಲದ ಹೊಟ್ಟೆಯ ಮೇಲೆ ಕೊಯ್ದಿದ್ದ ಆ ಗೀರು ಅವನ ಜೊತೆಗೇ ಬೆಳೆದು ಈಗ ಗೇಣುದ್ದವಾಗಿದೆ.

ಮೈಯಲ್ಲಿ ನೀರಿಲ್ಲವೆಂದು ಮೊದಲು ಸಲೈನು ಹಚ್ಚಿದರು. ಮಂಗಳವಾರ ಆಪರೇಷನ್ನು ಎಂದಾಯಿತು. ಹಾಲು ಕುಡಿಸುವಂತಿರಲಿಲ್ಲ. ಹಸಿದ ಕೂಸು ಒಂದೇ ಸಮನೆ ಅಳುತ್ತಿತ್ತು. ನಮ್ಮ ಬೀಗತಿ ಹುಲಿಗೆಮ್ಮ ನಿನಗೆ ಗೊತ್ತಲ್ಲ, ಎಲ್ಲಿಗೆ ಹೋದರೂ ಚೀಲದಲ್ಲಿ ತೇಯುವ ಕಲ್ಲು ಇಟ್ಟುಕೊಂಡೇ ಹೋಗುವವಳು. ನಾವು ಯಾರೂ ನೋಡದಾಗ ಗಸಗಸೆ, ಜಾಜಿಕಾಯಿ ತೇಯ್ದು ಕೂಸಿನ ನಾಲಿಗೆಗೆ ಸವರಿಬಿಟ್ಟಿದ್ದಾಳೆ. ಆಪರೇಷನ್ನಿಗೆ ಎಚ್ಚರ ತಪ್ಪಿಸುವ ಡಾಕ್ಟರು ಮಲ್ಲಿಕಾ ಎಂಬ ಹುಡುಗಿ ಬಂದು ನೋಡಿದರೆ ಕೂಸಿನ ಕಣ್ಣು ತೇಲುತ್ತಿವೆ.

"ಏನು ಕೊಟ್ಟೀರಿ?"

"ಏನಿಲ್ಲ ಯವ್ವಾ, ಒಂದು ಬೆರಳು ಗಸಗಸಿ. ನಮ್ಮ ಮನ್ಯಾಗ ಎಲ್ಲಾ ಹುಡುಗ್ರೂ ಅದನ್ನ ನೆಕ್ಕೇ ದೊಡ್ಡಾವ ಆಗ್ಯಾವ."

"ಇವತ್ತು ಆಪರೇಷನ್ ಮಾಡಂಗಿಲ್ಲ. ನಾಳಿಗೆ ಹೋತು."

ಹುಲಿಗೆಮ್ಮ ಬಿಡಬೇಕಲ್ಲ? "ನೀವು ಸೂಜ್ಯಾಗ ಕೊಡಾದೂ ಅಫೀಮಿನ ಜಾತಿದೇ ಅಂತ. ಆ ನರ್ಸಮ್ಮನ್ನ ಕೇಳೀನಿ. ನೀವು ಕೊಟ್ರ ಔಷಧ, ನಾ ಕೊಟ್ರ ತಪ್ಪ?"

ಮಲ್ಲಿಕಾ ಡಾಕ್ಟರಿಗೆ ಸಿಟ್ಟು ಬಂದಿತ್ತು, ಆದರೂ ಪಕ್ಕದಲ್ಲಿ ಕೂತು ಹೇಳಿದಳು. "ನಿನ್ನ ಗಸಗಸಿ ಅಮಲು ಯಾವಾಗ ಇಳಿತದ ಹೇಳು?"

"ಅದನ್ನ ಹೆಂಗ ಹೇಳಾಕ ಬರ್ತದ?"

"ಹಾ, ಅಷ್ಟೇ ನೋಡು. ನಂದು ಸಣ್ಣಗ ಹನಿ ಹನಿ ಬಿಡಾದು. ನಿಲ್ಲಿಸಿದ್ರ ಸ್ವಲ್ಪ ಹೊತ್ತಿನಾಗ ಮೈಯಿಂದ ಹೋಗೇ ಹೋಗ್ತದ. ಇಂಥಾ ಸಣ್ಣ ಕೂಸಿಗೆ ಔಷಧ ಇಳೀಲಾರದ ಮೈಯಾಗ ನಿಂತ್ರ ಉಸುರು ಹಾಕಾದೇ ಮರಿತದ. ನಿಂದೂ ನಂದೂ ಕೂಡಿದ್ರ ಅದಕ್ಕ ಯಾರು ಜವಾಬು ಕೊಡ್ತಾರ?"

ಹುಲಿಗೆಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಆದರೆ ಸಂಜೆ ಸುಗ್ರಾ ಬೇಗಂ ಸಲೈನು ನೋಡಲು ಬಂದಾಗ ಮತ್ತೆ ಶುರು ಮಾಡಿದಳು. "ಅಷ್ಟು ಅಂಜಿಕಿ ಇದ್ದ ಔಷಧ ಯಾಕ ಬೇಕ್ರಿ? ಕೈಯಷ್ಟು ಕೂಸು. ಅದಕ್ಕ ನೋವು ತಿಳಿತದೇನು? ಹಂಗೇ ಕೊಯ್ದು ಹೊಲಿಬಾರ್ದ?"

ಸುಗ್ರಾ ಬೇಗಂ ಸ್ಟೂಲು ಎಳೆದುಕೊಂಡು ಕೂತಳು. ಪಕ್ಕದ ಹಾಸಿಗೆಗಳ ತಾಯಂದಿರೂ ಬಂದರು. ಕನಕರಾಜ ಚಹಾ ತರಲು ಹೋಗಿದ್ದ.

"ಹಂಗೂ ಮಾಡ್ತಿದ್ರವ್ವಾ," ಎಂದಳು. "ನಾ ಕೆಲಸಕ್ಕ ಸೇರಿದ ಹೊಸದಾಗ ಕಂಡೀನಿ. ಎಲ್ಲಾ ಕಡಿ ಅಲ್ಲ, ಎಲ್ಲಾ ಡಾಕ್ಟ್ರೂ ಅಲ್ಲ. ಆದ್ರ ಸಣ್ಣ ಕೂಸಿನ ನರ ಇನ್ನಾ ಬಲಿತಿರಂಗಿಲ್ಲ, ಅದಕ್ಕ ನೋವು ತಿಳಿಯಂಗಿಲ್ಲ, ತಿಳಿದ್ರೂ ನೆನಪಿರಂಗಿಲ್ಲ ಅಂತ ದೊಡ್ಡ ದೊಡ್ಡವ್ರೇ ನಂಬಿದ್ರು. ನೋವಿನ ಔಷಧ ಕೊಟ್ರ ಉಸುರು ನಿಲ್ತದ ಅಂತ ಅಂಜಿಕಿ ಬ್ಯಾರೆ. ಇಷ್ಟು ಲಗು ಇಳಿಯಾ ಔಷಧ ಆಗ ಎಲ್ಲಿತ್ತು? ಅದಕ್ಕ ಕೈಕಾಲು ಅಲ್ಲಾಡಲಾರದಂಗ ಒಂದು ಸೂಜಿ ಕೊಟ್ಟು, ಕೊಳವಿ ಹಾಕಿ ಉಸುರು ಊದಿ, ಕೊಯ್ತಿದ್ರು."

"ಅಳ್ತಿರ್ಲಿಲ್ಲೇನು?" ಎಂದು ಒಬ್ಬಳು ಕೇಳಿದಳು.

"ಹೆಂಗ ಅಳ್ತದ? ಅಳಾಕೂ ಮೈ ಅಲ್ಲಾಡಬೇಕಲ್ಲ. ಎಚ್ಚರ ಇರ್ತಿತ್ತು, ನೋವೂ ಇರ್ತಿತ್ತು. ಹೊರಗ ಕುಂತ ಮಂದಿ ಕೂಸು ಸುಮ್ನ ಮಲಗ್ಯಾದ ಅಂತಿದ್ರು. ಆಮ್ಯಾಲ ಯಾರೋ ಪುಣ್ಯಾತ್ಮರು ರಕ್ತ ತಪಾಸ ಮಾಡಿ, ದೊಡ್ಡವರಿಗಿಂತ ಕೂಸೇ ಹೆಚ್ಚು ತಳಮಳಿಸ್ತದ ಅಂತ ಕಂಡುಹಿಡಿದ್ರು. ಈಗ ಮಲ್ಲಿಕಾ ಡಾಕ್ಟ್ರು ಹನಿ ಎಣಿಸಿ ಯಾಕ ಕೊಡ್ತಾರ ತಿಳೀತಾ?"

ಕನಕರಾಜ ಚಹಾ ತಂದ. ನನ್ನದು ಆರಿ ಕೆನೆಗಟ್ಟುವವರೆಗೂ ಕೈಯಲ್ಲೇ ಇತ್ತು.

ಮರುದಿನ ಬೆಳಿಗ್ಗೆ ಆ ಕಥೆ ಕೇಳಿದ ಹೆಂಗಸರೆಲ್ಲ ಏನು ಮಾಡಿದರು ಗೊತ್ತೇ? ಹುಲಿಗೆಮ್ಮ ನಲ್ಲಿಯ ಕೆಳಗೆ ಕಲ್ಲನ್ನು ತಿಕ್ಕಿ ತೊಳೆದು ಚೀಲದ ತಳಕ್ಕೆ ಹಾಕಿದಳು. ಕೂಸನ್ನು ಒಳಗೆ ಒಯ್ಯುವಾಗ ಅದು ಹಸಿವಿಗೆ ಚೀರಿದರೆ, "ಅಳಲಿ ಬಿಡ್ರಿ, ಗಂಟಲು ಅದ ಅಂತ ಗೊತ್ತಾಗ್ಲಿ" ಎಂದಳು. ಪಕ್ಕದ ಹಾಸಿಗೆಯವರೂ ತಮ್ಮ ಮಕ್ಕಳನ್ನು ಎತ್ತಿಕೊಂಡು ಬಾಗಿಲ ಬಳಿ ಬಂದು ಕೂತರು. ಬಹಳ ಹೊತ್ತಿನ ಮೇಲೆ ಒಳಗಿನಿಂದ ಮೊದಲು ಬೆಕ್ಕಿನ ಮರಿಯ ಹಾಗೆ, ಆಮೇಲೆ ಗಟ್ಟಿಯಾಗಿ ಅಳು ಕೇಳಿಸಿತು. ಮಲ್ಲಿಕಾ ಡಾಕ್ಟರು ಬಾಗಿಲಿಂದ ಇಣುಕಿ, "ಇಳೀತು. ತಾನೇ ಉಸುರು ಹಾಕಾಕತ್ತಾನ" ಎಂದಳು. ಅಂದು ಆ ವಾರ್ಡಿನಲ್ಲಿ ಯಾವ ತಾಯಿಯೂ ತನ್ನ ಕೂಸಿಗೆ ಸುಮ್ಮನಿರು ಅನ್ನಲಿಲ್ಲ.

ನಿನ್ನೆ ಮನೆಗೆ ಬಂದೆವು. ಹಾಲು ನಿಲ್ಲುತ್ತಿದೆ. ನನಗೆ ಮಾತ್ರ ಮೈಯೆಲ್ಲ ಭಾರ. ಉಂಡರೂ ಮಲಗಿದರೂ ಹೋಗದ ದಣಿವು. ಹೊಸ ಅಕ್ಕಿಯ ಅನ್ನಕ್ಕೆ ಮಾಮನನ್ನು ಕರೆದುಕೊಂಡು ಬಾ. ಸೂಗೂರೇಶ ನಿಮ್ಮನ್ನು ಚೆನ್ನಾಗಿ ಇಟ್ಟಿರಲಿ, ನಿನ್ನ ಮಕ್ಕಳು ಮರಿಗಳ ಹೊಟ್ಟೆ ತಣ್ಣಗಿರಲಿ.

ನಿನ್ನ ತಂಗಿ,
ಬೂದೆಮ್ಮ

ಮರೆತ ಮಾತು: ಕನಕರಾಜನ ಆಪರೇಷನ್ನಿನ ದಿನ ನಾನು ಬಾಳಂತಿ ಜ್ವರದಲ್ಲಿ ಮನೆಯಲ್ಲಿ ಬಿದ್ದಿದ್ದೆ. ಕೂಸನ್ನು ಒಯ್ದವಳು ನೀನು, ಬಾಗಿಲಿಗೆ ಕಿವಿ ಹಚ್ಚಿ ಕೂತವಳು ನೀನು. ಆಗ ನಿನ್ನ ಕಿವಿ ಚುರುಕಿದ್ದವು. ಬಂದವಳೇ ನನ್ನ ತಲೆ ಸವರಿ, "ಚಿಂತಿ ಮಾಡಬ್ಯಾಡ ತಂಗಿ, ನಿನ್ನ ಮಗ ಒಂದು ಸಲಾನೂ ಅಳಲಿಲ್ಲ" ಅಂದೆ. ಇಷ್ಟು ವರ್ಷ ಆ ಮಾತನ್ನು ನಾನು ದೇವರ ಪ್ರಸಾದದ ಹಾಗೆ ಕಾಪಾಡಿಕೊಂಡು ಬಂದಿದ್ದೆ. ಅಕ್ಕಾ, ನನಗೆ ಸಮಾಧಾನ ಆಗಲಿ ಎಂದು ನೀನು ಅವತ್ತು ಸುಳ್ಳು ಹೇಳಿದ್ದೆ ಎಂದು ಬರೆದು ಕಳಿಸು. ಅವನು ಅತ್ತಿದ್ದ ಎಂದು ಬರೆ.