ಗೋಡೆ ಕೇಳಿದವಳಿಗೆ ಮೈಕು

ಮಾನ್ಯ ಶಿಕ್ಷಣಾಧಿಕಾರಿಗಳೇ,

ವಿದ್ಯಾರ್ಥಿನಿಯ ಮೇಲೆ ಬೀರು ಬೀಳುತ್ತಿದ್ದಾಗ ಸ್ಥಳದಲ್ಲೇ ಇದ್ದ ನಾನು ಏಕೆ ಕೂಗಿ ಎಚ್ಚರಿಸಲಿಲ್ಲ ಎಂದು ತಾವು ನೋಟೀಸು ಕೊಟ್ಟು ಕೇಳಿದ್ದೀರಿ. ಉತ್ತರ ಚಿಕ್ಕದು: ಕೂಗಿದೆ, ಧ್ವನಿ ಬರಲಿಲ್ಲ. ಆ ಧ್ವನಿ ಎಲ್ಲಿಗೆ ಹೋಯಿತೆಂದು ಹೇಳಲು ಮಾತ್ರ ನೋಟೀಸಿನ ಕೆಳಗೆ ಬಿಟ್ಟಿರುವ ಜಾಗ ಸಾಲದು. ಆದ್ದರಿಂದ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನಮ್ಮ ಶಾಲೆಯ ಐದು, ಆರು, ಏಳನೇ ತರಗತಿಗಳು ಒಂದೇ ಸಭಾಂಗಣದಲ್ಲಿ ನಡೆಯುತ್ತವೆ. ನಡುವೆ ಗೋಡೆಗಳಿಲ್ಲ, ಹಳೆಯ ಕಬ್ಬಿಣದ ಬೀರುಗಳ ಸಾಲು. ಆ ಕಡೆ ಗಣಿತದ ಮೇಷ್ಟ್ರು, ಈ ಕಡೆ ಭಾಷೆಯ ಟೀಚರ್, ನಡುವೆ ವಿಜ್ಞಾನ ಕಲಿಸುವ ನಾನು. ಅವರು ದನಿಯೇರಿಸಿದರೆ ನಾನೂ ಏರಿಸಬೇಕು. ನಾನು ಏರಿಸಿದರೆ ಅವರು ಸುಮ್ಮನಿರಲಾದೀತೇ? ಒಮ್ಮೆ ಕಿರುಪರೀಕ್ಷೆಯಲ್ಲಿ ಹೃದಯಕ್ಕೆ ಎಷ್ಟು ಕೋಣೆಗಳೆಂದು ಕೇಳಿದೆ. ಹಿಂದಿನ ಬೆಂಚಿನವರೆಲ್ಲ 'ಮುಕ್ಕಾಲು' ಎಂದು ಬರೆದಿದ್ದರು. ತಪ್ಪೆಂದು ಗೆರೆ ಎಳೆಯಲು ಕೈ ಬರಲಿಲ್ಲ. ಪಾಪ, ಪಾಠ ಕೇಳಿಸಿಕೊಂಡಿದ್ದರು. ನನ್ನದಲ್ಲ, ಅಷ್ಟೇ.

ಗೋಡೆ ಕಟ್ಟಿಸಿಕೊಡಿ ಎಂದು ಮನವಿ ಕೊಟ್ಟೆವು, ಕೊಡುತ್ತಲೇ ಇದ್ದೆವು. ಕೋಣನ ಮುಂದೆ ಕಿನ್ನರಿ ಎಂಬ ಗಾದೆಯನ್ನು ಇಲ್ಲಿ ಬಳಸಲಾರೆ. ತಮ್ಮ ಕಚೇರಿಯ ಮೇಲೆ ನನಗೆ ಗೌರವವಿದೆ. ಕೊನೆಗೆ ತಾವೇ ಬಂದು ಬಾಗಿಲಲ್ಲಿ ನಿಂತು, "ಏನಮ್ಮಾ ಇದು, ಸಂತೇನಾ? ನೀವು ಹೇಳೋದೇ ಕೇಳಿಸ್ತಿಲ್ವಲ್ಲ!" ಎಂದಿರಿ.

"ಅದೇ ಸಾರ್, ಗೋಡೆ ಇಲ್ಲ…"

"ಆಯ್ತು ಬಿಡಿ, ಏನಾದ್ರೂ ವ್ಯವಸ್ಥೆ ಮಾಡೋಣ."

ಮಾಡಿದಿರಿ. ಮೂವರಿಗೂ ಒಂದೊಂದು ಮೈಕು ಬಂತು! ಮೊದಲ ದಿನವೇ ಮಕ್ಕಳು ಕಿವಿಗೆ ಬೆರಳಿಟ್ಟು ಕೂತರು. ಮುಖ್ಯೋಪಾಧ್ಯಾಯರು ಮೈಕುಗಳನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದರು. ನಾವು ಮತ್ತೆ ಗಂಟಲು ಹರಿದುಕೊಳ್ಳತೊಡಗಿದೆವು.

ನನ್ನ ದನಿ ಎಷ್ಟು ಒರಟಾಯಿತೆಂದರೆ, ಒಂದು ಸಂಜೆ ಅಮ್ಮನಿಗೆ ಫೋನ್ ಮಾಡಿದಾಗ, "ಯಾರಪ್ಪಾ ನೀನು? ನನ್ನ ಮಗಳ ಫೋನು ನಿನ್ನ ಕೈಗೆ ಹೇಗೆ ಬಂತು?" ಎಂದು ಗದರಿದರು. ಧ್ವನಿತಂತುಗಳ ಮೇಲೆ ಗಂಟುಗಳೆದ್ದಿವೆ, ಕೆಲವು ತಿಂಗಳು ಮಾತೇ ಆಡಬಾರದು ಎಂದರು ವೈದ್ಯರು. ರಜೆ ಕೇಳಿದೆ. ಬದಲಿ ಶಿಕ್ಷಕರಿಲ್ಲವೆಂದು ತಾವು ನಿರಾಕರಿಸಿದಿರಿ. ಉಳಿದಿದ್ದ ದನಿಯೂ ಹೋಯಿತು. ಬೋರ್ಡಿನ ಮೇಲೆ ಬರೆದೇ ಪಾಠ ಮಾಡತೊಡಗಿದೆ.

ಆ ದಿನ ಐದನೇ ತರಗತಿಯ ಮಕ್ಕಳು ತಮ್ಮ ಟೀಚರ್ ಮಾತು ಕೇಳಿಸಲೆಂದು ಬೆಂಚನ್ನು ಹಿಂದೆ ಮುಂದೆ ಎಳೆದಾಡುತ್ತಿದ್ದರು. ಅದು ಬೀರುವಿಗೆ ಬಡಿಯಿತು. ಈಚೆ ಕಡೆ ನನ್ನ ತರಗತಿಯ ಹುಡುಗಿ, ಎಲ್ಲರೂ ಗಿಣಿ ಎಂದು ಕರೆಯುವ ಮಾತಿನಮಲ್ಲಿ, ಬಿದ್ದ ಪೆನ್ಸಿಲ್ ಹುಡುಕುತ್ತ ಬಗ್ಗಿದ್ದಳು. ಬೀರು ವಾಲುವುದನ್ನು ಬೋರ್ಡಿನ ಬಳಿಯಿಂದ ಕಂಡೆ. ಬಾಯಿ ತೆರೆದೆ. ಬರೀ ಗಾಳಿ ಹೊರಟಿತು. ಓಡಿದೆ. ಅಷ್ಟರಲ್ಲಿ ಅವಳ ಬಲಗೈ ಬೀರುವಿನಡಿ ಸಿಕ್ಕಿತ್ತು.

ಆಸ್ಪತ್ರೆಯಲ್ಲಿ ಗಿಣಿಯ ತಾಯಿ ನನ್ನ ಮೇಲೆ ರೇಗಲಿಲ್ಲ. "ಟೀಚರ್, ನೀವು ಅಲ್ಲೇ ಇದ್ರಂತೆ. ಒಂದ್ಸಲ ಕೂಗಿದ್ರೆ ಸಾಕಿತ್ತು. ನನ್ನ ಮಗಳು ಚುರುಕು, ಓಡಿಬಿಡ್ತಿದ್ಲು" ಎಂದರು. ಏನು ಹೇಳಲಿ? ಹೇಳುವುದಾದರೂ ಹೇಗೆ? ಗಂಟಲು ಮುಟ್ಟಿ ತೋರಿಸಿದೆ. ಬಾಯಾರಿಕೆ ಅಂದುಕೊಂಡು ಆ ತಾಯಿ ನನಗೆ ನೀರು ತಂದುಕೊಟ್ಟರು. ಕುಡಿದೆ.

ಗಿಣಿ ಶಾಲೆಗೆ ಮರಳಿದ್ದಾಳೆ. ಮೊಣಕೈ ಇನ್ನು ಪೂರ್ತಿ ನೆಟ್ಟಗಾಗುವುದಿಲ್ಲವಂತೆ. ಎಡಗೈಯಲ್ಲಿ ಅಕ್ಷರ ತಿದ್ದುತ್ತಿದ್ದಾಳೆ. ತಮ್ಮ ಆದೇಶದಂತೆ ಬೀರುಗಳನ್ನು ಹೊರಗೆ ಸಾಗಿಸಿದ್ದಾರೆ. ತರಗತಿಗಳ ನಡುವೆ ಈಗ ಅವೂ ಇಲ್ಲ.

ನನಗೆ ಏನು ಶಿಕ್ಷೆ ಕೊಡುತ್ತೀರೋ ಕೊಡಿ, ಎದುರಾಡುವುದಿಲ್ಲ. ಆ ಸಭಾಂಗಣದಲ್ಲಿ ಎರಡು ಗೋಡೆ ಎಬ್ಬಿಸಿ. ಎಬ್ಬಿಸುತ್ತೀರೆಂಬ ನಂಬಿಕೆ ಇದೆಯೇ ಎಂದು ಮಾತ್ರ ಕೇಳಬೇಡಿ. ಪಕ್ಕದ ತರಗತಿಯ ಭಾಷಾ ಟೀಚರ್ ಇನ್ನೂ ಚಿಕ್ಕ ವಯಸ್ಸಿನವರು. ಮೊನ್ನೆಯಿಂದ ಅವರ ದನಿ ಒಡೆಯುತ್ತಿದೆ. "ಶೀತ ಇರ್ಬೇಕು ಅಕ್ಕಾ, ಹೋಗುತ್ತೆ ಬಿಡಿ" ಎನ್ನುತ್ತಾರೆ.

ನಾನೂ ಹಾಗೇ ಅಂದುಕೊಂಡಿದ್ದೆ.

ಇಂತಿ,
ಸದ್ಯಕ್ಕೆ ಸೀಮೆಸುಣ್ಣದಲ್ಲೇ ಮಾತಾಡುತ್ತಿರುವ
ಆರನೇ ತರಗತಿಯ ವಿಜ್ಞಾನ ಟೀಚರ್