ಫ್ರಾನ್ಸಿನ ದೊರೆಯಿಂದ ಕ್ಷಮಾಪಣೆ ಬರಬೇಕೆಂದ ಅಧಿಕಾರಿಗಳಿಗೆ

ಮಾನ್ಯ ಶಾಲಾ ಪರಿವೀಕ್ಷಣಾಧಿಕಾರಿಗಳೇ,

ನನ್ನ ಮಗಳು ವಿಸ್ಮಿತಾ ಫ್ರಾನ್ಸಿನ ದೊರೆಯಾಗಿದ್ದಾಗ ಆಡಿದ ಮಾತಿಗೆ, ಒಂಬತ್ತನೇ ತರಗತಿಯ ವಿದ್ಯಾರ್ಥಿನಿಯಾಗಿ ಕ್ಷಮೆ ಕೇಳಬೇಕೆಂದು ತಾವು ಆದೇಶಿಸಿದ್ದೀರಿ. ಸೋಮವಾರದೊಳಗೆ ಅದು ಬರವಣಿಗೆಯಲ್ಲಿ ತಲುಪಬೇಕಂತೆ. ಇನ್ನು ಮುಂದೆ ಸಮಾಜ ವಿಜ್ಞಾನದ ತರಗತಿಯಲ್ಲಿ ವಿಡಿಯೊ ಇಲ್ಲ, ಪತ್ರಿಕೆ ಇಲ್ಲ, ವಾದವೂ ಇಲ್ಲ; ಪುಸ್ತಕದ ಕಪಾಟಿಗೆ ಮತ್ತೆ ಬೀಗ. ಪಾಠ ಹೇಳುತ್ತಿದ್ದ ಸುಪ್ರೀತಾ ಟೀಚರನ್ನು ತಮ್ಮ ಕಚೇರಿಗೆ ನಿಯೋಜಿಸಿ, ತಾವು ಶಾಲೆಗಳಿಗೆ ಭೇಟಿ ಕೊಟ್ಟ ಫೋಟೊಗಳನ್ನು ಜಾಲತಾಣಕ್ಕೆ ಏರಿಸುವ ಕೆಲಸ ಒಪ್ಪಿಸಿದ್ದೀರಿ. ಮಾಧ್ಯಮ ಬಳಸಿ ಪಾಠ ಮಾಡಿದವರಿಗೆ ಮಾಧ್ಯಮದ್ದೇ ದಂಡನೆ! ಶಿಕ್ಷಣ, ಶಿಕ್ಷೆ ಎರಡೂ ಒಂದೇ ಬೇರಿನ ಪದಗಳೆಂದು ಕಾಲೇಜಿನಲ್ಲಿ ಓದಿದ್ದೆ. ಒಂದೇ ಸಹಿಯಲ್ಲಿ ಎರಡೂ ನಡೆಯುವುದನ್ನು ಈಗ ಕಂಡೆ.

ಮಾನ್ಯರೇ, ನಾನು ಮೂಡುಬಿದಿರೆಯಲ್ಲಿ ಇತಿಹಾಸ ಓದಿ ಬಿ.ಎ. ಮಾಡಿದವನು. ನಮ್ಮ ಕಾಲದಲ್ಲಿ ಇತಿಹಾಸವೆಂದರೆ ಹಾಸಿ ಮಲಗುವ ವಿಷಯ. ಕಾರಣಗಳು, ಘಟನೆಗಳು, ಪರಿಣಾಮಗಳು. ಜಗತ್ತಿನ ಯಾವ ಯುದ್ಧಕ್ಕೂ ಈ ಮೂರು ತಲೆಬರಹ ದಾಟುವ ಧೈರ್ಯವಿರಲಿಲ್ಲ. ಈಗ ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ವಿಮೆ ಮಾರುತ್ತೇನೆ. ಸತ್ತವರ ವಿಷಯ ಮಾತಾಡಿ ಬದುಕುವ ಅಭ್ಯಾಸ ಆ ಪದವಿಯಿಂದಲೇ ಬಂದದ್ದು. ಮಗಳಿಗೂ ಅದೇ ನಿದ್ರೆ ಪಿತ್ರಾರ್ಜಿತವಾಗಿ ಸಿಗುವುದರಲ್ಲಿತ್ತು. ಅಷ್ಟರಲ್ಲಿ ಸುಪ್ರೀತಾ ಟೀಚರ್ ಬಂದು ಕೆಡಿಸಿಬಿಟ್ಟರು.

ಬೆಳ್ತಂಗಡಿಯಿಂದ ಘಟ್ಟದ ಕಡೆ ಹೋಗುವ ದಾರಿಯಲ್ಲಿರುವ ನಮ್ಮ ಪ್ರೌಢಶಾಲೆಗೆ ಇಲಾಖೆಯಿಂದ ಒಂದು ಸ್ಮಾರ್ಟ್ ಟಿ.ವಿ. ಬಂದಿತ್ತು. ಹಾಳಾಗಬಾರದೆಂದು ಹೊದಿಕೆ ಹೊದಿಸಿ ಅದನ್ನು ಸ್ಮಾರಕ ಟಿ.ವಿ. ಮಾಡಿ ಇಟ್ಟಿದ್ದರು. ಟೀಚರ್ ಹೊದಿಕೆ ಸರಿಸಿ, ಫ್ರಾನ್ಸಿನ ಕ್ರಾಂತಿಯ ಬಗ್ಗೆ ಒಂದು ವಿಡಿಯೊ ಹಾಕಿದರು. ಮಗಳ ಸಹಪಾಠಿ ಇರ್ಷಾದ್ ಎದ್ದು ನಿಂತನಂತೆ.

"ಟೀಚರ್, ಆಗ ಕ್ಯಾಮೆರಾ ಉಂಟಾ?"

"ಇಲ್ಲ ಮಾರಾಯ, ಇದು ಈಗ ಮಾಡಿದ್ದು."

"ಹಾಗಾದ್ರೆ ಇವರು ಯಾರೂ ಅಲ್ಲಿ ಇರ್ಲಿಲ್ಲ. ಮತ್ತೆ ಇವರಿಗೆ ಹೇಗೆ ಗೊತ್ತು?"

"ಒಳ್ಳೆ ಪ್ರಶ್ನೆ. ಹುಡುಕುವ. ಕಪಾಟಿನ ಬೀಗದಕೈ ತೆಗೊಂಡು ಬಾ."

ಗ್ರಂಥಾಲಯದ ಕಪಾಟು ತೆರೆದದ್ದು ಹೀಗೆ. ಪರದೆಯಿಂದ ಪುಸ್ತಕಕ್ಕೆ, ಪುಸ್ತಕದಿಂದ ಪತ್ರಿಕೆಗೆ. ಒಂದೇ ಸುದ್ದಿಯನ್ನು ಎರಡು ಪತ್ರಿಕೆಗಳಲ್ಲಿ ಓದಿ, ಯಾರು ಏನನ್ನು ಬಿಟ್ಟಿದ್ದಾರೆ ಎಂದು ಮಕ್ಕಳು ಜಗಳವಾಡತೊಡಗಿದರು. ನಮ್ಮ ಮನೆಯಲ್ಲಿ ಪೇಪರು ನನ್ನ ಕೈಗೆ ಬರುವಷ್ಟರಲ್ಲಿ ಹಳೆಯದಾಗುತ್ತಿತ್ತು. ಓದಿದ್ದನ್ನೆಲ್ಲ ಶನಿವಾರ ತಾಳಮದ್ದಳೆಯ ಕ್ರಮದಲ್ಲಿ ಮಂಡಿಸಬೇಕು. ತಾವು ಘಟ್ಟದ ಮೇಲಿನಿಂದ ವರ್ಗವಾಗಿ ಬಂದವರು, ಆದ್ದರಿಂದ ಹೇಳುತ್ತೇನೆ: ನಮ್ಮಲ್ಲಿ ವೇಷವಿಲ್ಲದೆ, ಕುಣಿತವಿಲ್ಲದೆ, ಕುಳಿತಲ್ಲೇ ಒಬ್ಬ ರಾವಣನಾಗಿ, ಇನ್ನೊಬ್ಬ ರಾಮನಾಗಿ ವಾದಿಸುತ್ತಾರೆ. ರಾವಣನಾದವನು ರಾವಣನ ಪರ ಪ್ರಾಣ ಬಿಟ್ಟು ಮಾತಾಡಬೇಕು. ಮುಗಿದ ಮೇಲೆ ಇಬ್ಬರೂ ಒಟ್ಟಿಗೆ ಚಹಾ ಕುಡಿಯುತ್ತಾರೆ. ಅರಣ್ಯದಿಂದ ಸೀತೆಯನ್ನು ಒಯ್ದದ್ದಕ್ಕೆ, ರಾವಣನ ಮಾತಾಡಿದ ಅರ್ಥಧಾರಿಯ ಮೇಲೆ ಈವರೆಗೆ ಯಾವ ಠಾಣೆಯಲ್ಲೂ ದೂರು ದಾಖಲಾಗಿಲ್ಲ.

ತಾವು ಬಂದ ಶನಿವಾರ ಪೋಷಕರನ್ನೂ ಕರೆದಿದ್ದರು. ನಾನು ಹಳೆಯ ಅಭ್ಯಾಸದಂತೆ ಹಿಂದಿನ ಬೆಂಚಿನಲ್ಲಿದ್ದೆ. ಪ್ರಜೆಯಾದ ಇರ್ಷಾದ್, "ಪ್ರಭೂ, ರೊಟ್ಟಿ ದುಬಾರಿಯಾಗಿದೆ" ಎಂದ. ಹೆಗಲಿಗೆ ಶಾಲು ಹೊದ್ದ ವಿಸ್ಮಿತಾ, "ದುಬಾರಿಯಾಯಿತೆಂದರೆ ರೊಟ್ಟಿಗೆ ಮರ್ಯಾದೆ ಬಂತೆಂದರ್ಥ. ರೊಟ್ಟಿಗೆ ಮರ್ಯಾದೆ ಬಂದರೆ ನಿನಗೇಕೆ ಹೊಟ್ಟೆಯುರಿ? ಪ್ರಜೆಗಳು ಪ್ರಶ್ನೆ ಕೇಳಿದರೆ ದೊರೆ ಉತ್ತರ ಕಲಿಯಬೇಕಾಗುತ್ತದೆ. ಅಷ್ಟು ಪುರಸೊತ್ತು ನಮಗಿಲ್ಲ" ಎಂದಳು. ಆಗಲೇ ತಾವು ಬಾಗಿಲಲ್ಲಿ ಕಾಣಿಸಿಕೊಂಡಿರಿ.

"ಏನಮ್ಮ, ಸರ್ಕಾರಿ ಶಾಲೆಯಲ್ಲಿ ಕೂತು ಪ್ರಜಾಪ್ರಭುತ್ವದ ವಿರುದ್ಧ ಮಾತಾಡ್ತೀಯಾ? ನಾನು ಯಾರು ಗೊತ್ತಾ?"

ಇಲ್ಲಿ ಒಂದು ಪ್ರಮಾದವಾಯಿತು, ಒಪ್ಪುತ್ತೇನೆ. ತಾಳಮದ್ದಳೆಯಲ್ಲಿ ಹೊಸ ಪಾತ್ರ ಬರುವುದೇ "ನಾನು ಯಾರು ಗೊತ್ತೇ" ಎಂಬ ಪೀಠಿಕೆಯಿಂದ. ಟೀಚರ್ ಯಾರನ್ನೋ ಕರೆಸಿದ್ದಾರೆಂದು ಹುಡುಗಿ ನಂಬಿದಳು.

"ಅದನ್ನು ನೀನೇ ಹೇಳಬೇಕಯ್ಯಾ. ಅಪ್ಪಣೆಯಿಲ್ಲದೆ ಅರಮನೆ ಹೊಕ್ಕ ಧೈರ್ಯ ನೋಡಿದರೆ ತೆರಿಗೆ ವಸೂಲಿಯವನಿರಬೇಕು. ಬಾ, ಕುಳಿತು ಮಾತಾಡು."

ತರಗತಿ ನಕ್ಕಿತು. ನಾನೂ ನಕ್ಕೆ, ಬೇಕಾದರೆ ಅದಕ್ಕೆ ಬೇರೆ ನೋಟಿಸು ಕೊಡಿ. ಟೀಚರ್ ಓಡಿ ಬಂದು, "ಸರ್, ಅವಳು ಪಾತ್ರದಲ್ಲಿದ್ದಾಳೆ, ನಿಮಗೆ ಹೇಳಿದ್ದಲ್ಲ" ಎಂದರು. "ಪಾತ್ರ ಗೀತ್ರ ಬೇಡ, ಪಠ್ಯ ಮಾಡ್ರಿ" ಎಂದು ತಾವು ಹೊರಟಿರಿ. ಕುಳಿತು ಒಂದು ಮಾತು ಆಡಿದ್ದರೆ ಏನಾಗುತ್ತಿತ್ತು? ಪ್ರಜಾಪ್ರಭುತ್ವದ ಪರ ಒಂದು ವಾಕ್ಯವೂ ತಮ್ಮಲ್ಲಿರಲಿಲ್ಲವೇ?

ಮೊನ್ನೆ ವಿಸ್ಮಿತಾ ಕ್ಷಮಾಪಣೆ ಬರೆಯಲು ಕುಳಿತಳು. "ಅಪ್ಪ, ದೊರೆ ಕ್ಷಮೆ ಕೇಳುವುದಾ, ನಾನು ಕೇಳುವುದಾ?" ಎಂದಳು. ನನ್ನ ತಾಯಿ ರಾಜೀವಿ ಒಳಗಿನಿಂದಲೇ, "ತಪ್ಪು ಯಾರು ಮಾಡಿದ್ದೋ ಅವರು ಕೇಳ್ಲಿ. ನೀನು ಊಟಕ್ಕೆ ಬಾ ಮಗಾ" ಎಂದರು. ಹುಡುಗಿ ಏಳಲಿಲ್ಲ. ಟೀಚರ್ ಒಂದು ನಿಯಮ ಮಾಡಿದ್ದರು: ಮುಂದಿನ ವಾರ ಪಾತ್ರಗಳು ಅದಲು ಬದಲು. ಇರ್ಷಾದ್ ದೊರೆ, ಇವಳು ಪ್ರಜೆ. ತಾನೇ ಆಡಿದ ಮಾತುಗಳನ್ನು ತಾನೇ ಮುರಿಯಬೇಕು. ಅದಕ್ಕಾಗಿ ವಾರವಿಡೀ ಓದಿದ್ದಾಳೆ.

"ನನ್ನ ಮಾತಿಗೆಲ್ಲ ಉತ್ತರ ಸಿಕ್ಕಿದೆ ಅಪ್ಪ," ಎಂದಳು. "ಇನ್ನು ಯಾರಿಗೆ ಹೇಳುವುದು?"

ಅದೇ ಪ್ರಶ್ನೆಯನ್ನು ತಮಗೆ ದಾಟಿಸಲು ಬರೆಯುತ್ತಿದ್ದೇನೆ. ಕ್ಷಮಾಪಣೆ ಬರುವುದಿಲ್ಲ. ಸುಪ್ರೀತಾ ಟೀಚರನ್ನು ತರಗತಿಗೆ ಕಳುಹಿಸಿ, ಪುಸ್ತಕದ ಕಪಾಟು ತೆರೆಸಿ, ಆದೇಶ ಹಿಂದೆಗೆದುಕೊಳ್ಳಿ. ನಮಗಾಗಿ ಬೇಡ, ತಾವು ಕಾಪಾಡಲು ಹೊರಟ ಪ್ರಜಾಪ್ರಭುತ್ವಕ್ಕಾಗಿ. ಪ್ರಜೆಯ ಸರದಿ ಬರುವ ಮೊದಲೇ ತಾವು ಆಟ ನಿಲ್ಲಿಸಿದ್ದೀರಿ. ನಮ್ಮ ಶಾಲೆಯಲ್ಲಿ ಈ ಹೊತ್ತಿಗೂ ದೊರೆಯದೇ ಕೊನೆಯ ಮಾತು.

ಇಂತಿ, ಹೆಸರಿಗೆ ತಕ್ಕಂತೆ ತಲುಪುತ್ತಾನೆಂಬ ಭರವಸೆ ತನಗೇ ಇಲ್ಲದ,
ಸಂದೇಶ್
(ದೊರೆಯ ತಂದೆ, ಸದ್ಯಕ್ಕೆ ಪ್ರಜೆ)