ಕಟ್-ಆಫ್ ಆಫ್ ಮಾಡಿದವನಿಗೆ

ಅಣ್ಣಾ,

ಕ್ಷೇಮ ಸಮಾಚಾರ ಕೇಳುವಷ್ಟು ತಾಳ್ಮೆ ಇವತ್ತು ನನಗಿಲ್ಲ. ಫೋನ್ ಮಾಡಿದರೆ ನೀನು ಮಾತು ತಿರುಗಿಸುತ್ತೀಯ, ಕೊನೆಗೆ ನಾನೇ ತಪ್ಪಾಯ್ತು ಅಂತ ಹೇಳಿ ಇಡಬೇಕಾಗುತ್ತದೆ. ಚಿಕ್ಕಂದಿನಿಂದ ನಡೆದುಬಂದದ್ದೇ ಅದು. ಅದಕ್ಕೇ ಈ ಕಾಗದ. ಇದರ ನಡುವೆ ನೀನು ಬಾಯಿ ಹಾಕುವಂತಿಲ್ಲ.

ನಿನ್ನೆ ಅಪ್ಪನ ರಿಮೋಟ್ ದೋಣಿಯನ್ನು ಕೊಳದ ಪಕ್ಕದ ಕ್ಲಬ್ಬಿಗೆ ತೆಗೆದುಕೊಂಡು ಹೋಗಿದ್ದೆ. "ಯಾರಿಗಾದರೂ ಕೊಟ್ಟುಬಿಡು, ನನ್ನ ಕಣ್ಣೆದುರು ಬೇಡ" ಅಂತ ಅಪ್ಪ ಬೆಂಕಿ ಬಿದ್ದ ದಿನದಿಂದ ಹೇಳುತ್ತಲೇ ಇದ್ದರು. ಅಲ್ಲಿ ರೇಸು ನಡೆಸುವ ಮೀಸೆ ಮಾಮ, ಬೇರೆಯವರಿಗೆ ಕೊಡುವ ಮೊದಲು ಒಮ್ಮೆ ನೋಡೋಣ ಅಂತ ದೋಣಿಯ ಸ್ಪೀಡ್ ಕಂಟ್ರೋಲರಿಗೆ ಒಳಗಿನ ಸೆಟ್ಟಿಂಗ್ ತೋರಿಸುವ ಕಾರ್ಡು ಸಿಕ್ಕಿಸಿದರು. ಸಣ್ಣ ದೀಪಗಳು ಹತ್ತಿಕೊಂಡವು. ಅವರ ಮುಖ ಸಪ್ಪಗಾಯಿತು.

"ಕಟ್-ಆಫ್ ಆಫ್ ಆಗಿದೆಯಲ್ಲಮ್ಮ! ಇದು ನಿಮ್ಮಪ್ಪನ ಕೆಲಸ ಅಲ್ಲ. ಒಂದು ಸೆಲ್ಲಿಗೆ ಮೂರೂವರೆ ವೋಲ್ಟಿಗಿಂತ ಕೆಳಗೆ ಇಳಿಸಿದ ಮನುಷ್ಯನೇ ಅಲ್ಲ ಅವರು."

ಆಮೇಲೆ ಮೀಸೆ ತಿರುವುತ್ತಾ ನಿಧಾನವಾಗಿ ಇನ್ನೊಂದು ಮಾತು ಹೇಳಿದರು. "ಬೆಂಕಿ ಬೀಳೋ ಹಿಂದಿನ ದಿನ, ಭಾನುವಾರ, ನಿಮ್ಮಣ್ಣ ಈ ದೋಣಿ ತಂದು ರೇಸಿಗೆ ಬಿಟ್ಟಿದ್ದನಲ್ಲ, ಅದು ಮುಗಿದ ಮೇಲೆ ನನ್ನ ಹಳೇ ಚಾರ್ಜರ್ ಇಸ್ಕೊಂಡ. ಯಾಕೆ ಅಂತ ನಾನೂ ಕೇಳಲಿಲ್ಲ."

ಯಾಕೆ ಅಂತ ನಾನು ಹೇಳಲಾ? ಬ್ಯಾಟರಿ ಒಂದು ಮಟ್ಟಕ್ಕಿಂತ ಇಳಿದರೆ ಮೋಟಾರನ್ನು ತಡೆದು ನಿಲ್ಲಿಸಲಿ ಅಂತ ಅಪ್ಪ ಇಟ್ಟಿದ್ದ ಅಳತೆ ಆ ಕಟ್-ಆಫ್. ಮೂರು ಸೆಲ್ಲು, ಒಟ್ಟು ಹತ್ತೂವರೆ ವೋಲ್ಟು. ಅಲ್ಲಿಗೆ ಬಂದರೆ ದೋಣಿ ತಾನಾಗಿಯೇ ನಿಧಾನವಾಗುತ್ತದೆ, ದಡಕ್ಕೆ ತಂದು ನಿಲ್ಲಿಸಬೇಕು. ಕೊನೆಯ ಸುತ್ತಿನಲ್ಲಿ ನಿಧಾನವಾದರೆ ನಿನ್ನ ಮರ್ಯಾದೆ ಏನಾಗಬೇಕು? ಆಫ್ ಮಾಡಿದೆ. ಗೆದ್ದೆ. ಬ್ಯಾಟರಿ ದಿಂಬಿನ ಹಾಗೆ ಊದಿಕೊಂಡಿತು. ಅಷ್ಟು ಬತ್ತಿದ ಬ್ಯಾಟರಿಯನ್ನು ಅಪ್ಪನ ಚಾರ್ಜರ್ ಮುಟ್ಟುವುದೇ ಇಲ್ಲ, ತಪ್ಪು ತೋರಿಸಿಬಿಡುತ್ತದೆ. ಅದಕ್ಕೇ ಬ್ಯಾಟರಿ ಹೇಗಿದೆ ಅಂತ ನೋಡದ ಆ ಹಳೇ ಚಾರ್ಜರಿನಲ್ಲಿ ಒಂದಿಷ್ಟು ತುಂಬಿಸಿ, ಊತ ಇಳಿಯುವವರೆಗೆ ಕಾದು, ಏನೂ ಆಗದವನಂತೆ ಪೆಟ್ಟಿಗೆಯಲ್ಲಿಟ್ಟು ತಂದುಕೊಟ್ಟೆ.

ಮಾರನೇ ದಿನ ಬೆಳಿಗ್ಗೆ ಅಪ್ಪ ಅದನ್ನು ಚಾರ್ಜಿಗೆ ಹಾಕಿದರು. ಇಪ್ಪತ್ತು ನಿಮಿಷವೂ ಆಗಿರಲಿಲ್ಲ. ನಾನು ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ, ಬುಸ್ ಅಂತ ಸದ್ದು ಕೇಳಿ ಓಡಿಬಂದರೆ ಕೋಣೆ ತುಂಬ ಹೊಗೆ. ಕಿಟಕಿಯ ಪರದೆಗೆ ಹತ್ತಬಾರದು ಅಂತ ಅಪ್ಪ ಉರಿಯುವ ಬ್ಯಾಟರಿಯನ್ನು ಬರಿಗೈಲಿ ಎತ್ತಿ ಹೊರಗೆಸೆದಿದ್ದರು. ಬಲಗೈಯ ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ.

ಇಷ್ಟಕ್ಕೇ ಆಗಿದ್ದರೆ ನಾಲ್ಕು ಮಾತು ಬೈದು ಸುಮ್ಮನಾಗುತ್ತಿದ್ದೆನೋ ಏನೋ. ಆಸ್ಪತ್ರೆಯಲ್ಲಿ ಮಂಚದ ಪಕ್ಕ ಕೂತು, ಮೋಸಂಬಿ ಸುಲಿಯುತ್ತಾ ಏನಂದೆ ನೆನಪಿದೆಯಾ? "ಚಾರ್ಜರ್‌ನಲ್ಲಿ ಏನೋ ತಪ್ಪು ಒತ್ತಿರ್ತೀರ ಅಪ್ಪಾ. ವಯಸ್ಸಾಯ್ತಲ್ಲ." ಮೂವತ್ತೊಂದು ವರ್ಷ ಲಿಫ್ಟ್ ರಿಪೇರಿ ಮಾಡಿದವರು ಅವರು. ಸೇಫ್ಟಿ ಸ್ವಿಚ್ಚನ್ನು ಎರಡು ಸಲ ನೋಡದೆ ಒಂದು ಲಿಫ್ಟನ್ನೂ ಮೇಲೆ ಕಳಿಸಿದವರಲ್ಲ. ನಿನ್ನ ಮಾತನ್ನು ನಂಬಿದರು, ಅಣ್ಣಾ. ಮಗ ಸುಳ್ಳು ಹೇಳುತ್ತಾನೆ ಅನ್ನುವುದಕ್ಕಿಂತ ತಮ್ಮ ತಲೆ ಕೆಟ್ಟಿದೆ ಅನ್ನುವುದೇ ಅವರಿಗೆ ಸುಲಭವಾಯಿತು. ಅಂದಿನಿಂದ ಒಲೆ ಆರಿದೆಯಾ ಅಂತ ನನ್ನನ್ನೇ ಕೇಳುತ್ತಾರೆ. ಬೀಗ ಹಾಕಿ ಅರ್ಧ ದಾರಿಯಿಂದ ವಾಪಸ್ ಬರುತ್ತಾರೆ. ಸ್ಕ್ರೂಡ್ರೈವರುಗಳನ್ನೆಲ್ಲ ಹಳೇ ಪಂಚೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿಸಿದರು.

ಅಲ್ಲಿಗೂ ನಿನಗೆ ಸಾಕಾಗಲಿಲ್ಲ. ಮರೆವಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ! ಇವತ್ತು ಯಾವ ವಾರ ಅಂತ ಅವರು ಕೇಳುವಾಗ, ನೂರರಿಂದ ಏಳೇಳು ಕಳೆಯಿರಿ ಅನ್ನುವಾಗ ನೀನು ಪಕ್ಕದ ಕುರ್ಚಿಯಲ್ಲಿದ್ದೆ. ಗಡಿಯಾರ ಬರೆಯಲು ಹೇಳಿದರು. ಬಲಗೈಗೆ ಬ್ಯಾಂಡೇಜು, ಪಾಪ, ಎಡಗೈಯಲ್ಲಿ ಬರೆದರು. ಮುಳ್ಳುಗಳು ಸರಿಯಾಗೇ ಇದ್ದವು, ಸುತ್ತು ಮಾತ್ರ ಸೊಟ್ಟಗಾಗಿತ್ತು. "ಗೆರೆ ನೋಡಿ ಡಾಕ್ಟ್ರೇ" ಅಂದೆಯಲ್ಲ, ಯಾವ ಬಾಯಲ್ಲಿ ಅಂದೆ? ಬಾಗಿಲ ಬಳಿ ನಿಂತಿದ್ದ ನಾನೂ ತಲೆಯಾಡಿಸಿದೆ. ಆ ನಾಚಿಕೆಯನ್ನು ನನಗೂ ಅಂಟಿಸಿದೆ ನೀನು.

ಇವತ್ತು ಬೆಳಿಗ್ಗೆ ಅಪ್ಪನಿಗೆ ಎಲ್ಲ ಹೇಳಿದೆ. ಕೂಗಾಡುತ್ತಾರೆ ಅಂದುಕೊಂಡಿದ್ದೆ. ಕಾಫಿ ಲೋಟ ಕೆಳಗಿಟ್ಟು, "ಹಾಗಾದ್ರೆ ನಾನು ಸರಿಯಾಗೇ ಇಟ್ಟಿದ್ನಾ?" ಅಂದರು. ಹೌದಪ್ಪಾ ಅಂದೆ. "ಮರೆತಿರಲಿಲ್ಲ?" ಇಲ್ಲಪ್ಪಾ. ಇನ್ನೊಂದು ಸಲ ಹೇಳು ಅಂದರು. ಹೇಳಿದೆ. ಎದ್ದುಹೋಗಿ ಮುಖ ತೊಳೆದುಕೊಂಡರು, ಬಹಳ ಹೊತ್ತು ನಲ್ಲಿಯ ಸದ್ದು ನಿಲ್ಲಲಿಲ್ಲ. ಹೊರಗೆ ಬಂದವರು ನಿನ್ನ ಬಗ್ಗೆ ಒಂದೇ ಮಾತಾಡಿದರು: "ಅವನಿಗೆ ಬೈಬೇಡ. ಹೆದರಿಬಿಟ್ಟಿರ್ತಾನೆ."

ನಾನು ಬೈಯುತ್ತೇನೆ. ಅವರು ಹೆತ್ತ ತಂದೆ, ಅವರ ಕರುಳು ಬಿಡದು. ನಾನು ಈ ಏಳು ವಾರ ಅವರು ತಮ್ಮನ್ನೇ ಅನುಮಾನಿಸುವುದನ್ನು ನೋಡಿದವಳು. ಅತ್ತಿಗೆಯ ಹಿಂದೆ ಅವಿತುಕೊಳ್ಳಬೇಡ, ಹಣ್ಣಿನ ಬುಟ್ಟಿ ಕಳಿಸಬೇಡ, ಫೋನಿನಲ್ಲಿ ಅಳಬೇಡ. ನೀನೇ ಬಾ. ಅವರ ಎದುರು ಕೂತು, ಆ ಬೆರಳುಗಳನ್ನು ನೋಡುತ್ತಾ, ನಿನ್ನ ಬಾಯಿಂದಲೇ ಹೇಳು. ನಾನು ಹೇಳಿದ್ದು ಸಾಲದು, ಅವರು ಇನ್ನೂ ನಿನ್ನ ಮಾತನ್ನೇ ಹೆಚ್ಚು ನಂಬುವವರು.

ಕಾಗದ ಬರೆಯುತ್ತಿರುವುದು ಕಂಡು, ನನ್ನ ಆಶೀರ್ವಾದ ತಿಳಿಸು ಅಂದರು ಅಪ್ಪ. ತಿಳಿಸಿದ್ದೇನೆ. ನನ್ನ ನಮಸ್ಕಾರ ಬೇಕಿದ್ದರೆ ಬಂದು ಹೇಳಿದ ಮೇಲೆ ತೆಗೆದುಕೊಂಡು ಹೋಗು.

ಇನ್ನೂ ನಿನ್ನ ತಂಗಿಯೇ ಆಗಿರುವ,
ನಾನು